ಬಿದ್ದುಹೋಗುವ ಹಲ್ಲು ತಾನೆ!

ದೊಡ್ಡಬಳ್ಳಾಪುರದ ಸಮೀಪದಲ್ಲಿರುವ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ಕಂಡವರು ನಮ್ಮ ಕಾಲೇಜಿನಲ್ಲಿ ಅನೇಕರಿದ್ದಾರು. ಟ್ರ್ಯಾಕ್ಟರುಗಳ ಕಾಲ ಬಂದು ಜಾತ್ರೆಯ ಕಳೆ ಹಿಂದಿನಷ್ಟಿಲ್ಲವೆಂದು ಹಿರಿಯರು ನಿಟ್ಟುಸಿರು ಬಿಡುತ್ತಾರೆ. ಆದರೂ ಹಳ್ಳಿಕಾರ್ ಹೋರಿಗಳ ಸಾಲಿನ ನಡುವೆ ಬೆಳಗಿನ ಹೊತ್ತು ನಡೆದಾಡುವುದು ಈಗಲೂ ಒಂದು ಸೊಗಸು. ಅಲ್ಲಿಯ ವ್ಯಾಪಾರದ ಕ್ರಮವನ್ನು ತಾವು ಗಮನಿಸಿರಬಹುದು. ಕೋಡು, ಬಾಲ, ಸುಳಿ, ನಡಿಗೆ ಎಲ್ಲವನ್ನೂ ನೋಡುವುದುಂಟು. ಆದರೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವುದಕ್ಕೆ ಮುನ್ನ ದನದ ಬಾಯಿ ಬಿಡಿಸಿ ನೋಡದ ರೈತನನ್ನು ನಾನು ಕಾಣೆ. ನಮ್ಮ ಅಜ್ಜನವರಂತೂ ಈ ವಿದ್ಯೆಯಲ್ಲಿ ನಿಷ್ಣಾತರು. ಎಡಗೈಯಿಂದ ಮೂಗುದಾರವನ್ನು ಹಿಡಿದು, ಬಲಗೈಯ ಹೆಬ್ಬೆರಳಿನಿಂದ ಕೆಳದುಟಿಯನ್ನು ತುಸು ಜಗ್ಗಿ, ಕಣ್ಣು ಮಿಟುಕಿಸುವಷ್ಟರಲ್ಲಿ "ನಾಲ್ಕಲ್ಲು" ಎಂದುಬಿಡುವರು. ಮಾರುವವನು ಎರಡಲ್ಲೆಂದು ಎಷ್ಟು ಆಣೆಯಿಟ್ಟರೂ ಕೇಳುವವರಲ್ಲ.

ಈ ಲೆಕ್ಕವನ್ನು ಅರಿಯದವರಿಗಾಗಿ ಎರಡು ಮಾತು. ದನಗಳಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳೇ ಇಲ್ಲ. ಕೆಳಗೆ ಎಂಟು ಉಂಟು. ಕರುವಿನಲ್ಲಿ ಈ ಎಂಟೂ ಹಾಲಲ್ಲುಗಳು. ಸುಮಾರು ಎರಡು ವರ್ಷ ತುಂಬಿದ ಮೇಲೆ ನಡುವಿನ ಜೋಡಿ ಬಿದ್ದು ಅಗಲವಾದ ಹೊಸ ಜೋಡಿ ಬರುತ್ತದೆ, ಅದು ಎರಡಲ್ಲು. ಅನಂತರ ನಾಲ್ಕಲ್ಲು, ಆರಲ್ಲು. ಐದರ ಸುಮಾರಿಗೆ ಎಂಟೂ ಹೊಸವಾದಾಗ ಬಾಯ್ಗೂಡಿತೆನ್ನುತ್ತಾರೆ. ಯಾವುದು ಹಾಲಲ್ಲು, ಯಾವುದು ಉಳಿಯುವ ಹಲ್ಲು ಎಂಬುದು ನಮ್ಮ ಸೀಮೆಯ ಓದುಬರಹವಿಲ್ಲದ ರೈತನಿಗೂ ಕರತಲಾಮಲಕ. ಇಷ್ಟೆಲ್ಲ ಬಲ್ಲ ಮನೆಯಲ್ಲಿ, ಎಂದರೆ ನನ್ನ ಸ್ವಂತ ಮನೆಯಲ್ಲಿ, ಒಂದು ಮಗುವಿನ ಬಾಯಿಯಲ್ಲಿ ಯಾವುದು ಉಳಿಯುವ ಹಲ್ಲೆಂಬುದು ಒಬ್ಬರಿಗೂ ತಿಳಿದಿರಲಿಲ್ಲ. ಅದಕ್ಕಾಗಿ ನನ್ನ ತಂಗಿ ತೆತ್ತ ಬೆಲೆಯೇ ಈ ಲೇಖನಕ್ಕೆ ಕಾರಣ.

ಅವಳು ನಾಲ್ಕನೆಯ ತರಗತಿಯಲ್ಲಿದ್ದಾಗ, ಒಂಬತ್ತನೆಯ ವಯಸ್ಸಿನಲ್ಲಿ, ಒಂದು ರಾತ್ರಿ ಬಲಗೆನ್ನೆ ಊದಿಕೊಂಡಿತು. ಲವಂಗವಾಯಿತು, ಉಪ್ಪುನೀರಾಯಿತು, ಮಗು ಬೆಳಗಿನವರೆಗೆ ಕುಳಿತೇ ಇದ್ದಳು. ಪೇಟೆಯ ದಂತವೈದ್ಯರ ಬಳಿಗೆ ಕರೆದೊಯ್ದಾಗ ಅವರು ಕೆಳದವಡೆಯ ಒಂದು ಹಲ್ಲನ್ನು ಮುಟ್ಟಿ ನೋಡಿ, ಇದು ಉಳಿಯುವಂತಿಲ್ಲ, ತೆಗೆಯಬೇಕು ಎಂದರು. ನಮ್ಮ ತಂದೆಯವರು ಸಮಾಧಾನದ ಉಸಿರುಬಿಟ್ಟು, "ತೆಗೆದರೆ ಏನಂತೆ ಡಾಕ್ಟ್ರೇ, ಬೇರೆ ಹುಟ್ಟುತ್ತಲ್ಲ" ಎಂದರು. ವೈದ್ಯರು ಕೈ ತೊಳೆಯುತ್ತಲೇ, "ಇದು ಹುಟ್ಟಿ ಆಗಿರೋ ಹಲ್ಲೇ ಯಜಮಾನ್ರೇ. ಇದರ ಜಾಗಕ್ಕೆ ಇನ್ನು ಬರೋದು ಯಾವುದೂ ಇಲ್ಲ" ಎಂದರು. ತಂದೆಯವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಏಕೆಂದರೆ ಎರಡು ವರ್ಷಗಳ ಹಿಂದೆ ಅದೇ ಹಲ್ಲಿನ ಮೇಲೆ ಕಂಡ ಒಂದು ಕರಿಯ ಚುಕ್ಕೆಯನ್ನು ಅವಳು ಮೊದಲು ತೋರಿಸಿದ್ದು ನನಗೆ. "ಬಿದ್ದುಹೋಗುವ ಹಲ್ಲು ತಾನೆ! ಹೋಗು, ಬೇರೆ ಬರುತ್ತೆ" ಎಂದು ಅವಳನ್ನು ಕಳುಹಿಸಿದ ಮಹಾಪಂಡಿತ ನಾನೇ.

ಈ ಒಂದು ವಾಕ್ಯವನ್ನು ನಮ್ಮ ಮನೆಗಳಿಂದ ಓಡಿಸಬೇಕೆಂಬುದೇ ನನ್ನ ವಾದ. ವಾದಕ್ಕೆ ಮುನ್ನ ಹಲ್ಲುಗಳು ಬೀಳುವುದಾದರೂ ಏಕೆಂದು ವಿಚಾರಿಸುವುದು ನ್ಯಾಯ.

ಮನುಷ್ಯನ ಮೈಯಲ್ಲಿ ಮೂಳೆ ಬೆಳೆಯುತ್ತದೆ, ಚರ್ಮ ಬೆಳೆಯುತ್ತದೆ, ಉಗುರು ಕೂದಲುಗಳು ಸಾಯುವ ತನಕ ಬೆಳೆಯುತ್ತವೆ. ಆದರೆ ವಸಡಿನಿಂದ ಹೊರಬಂದ ಹಲ್ಲು ಮಾತ್ರ ಎಳ್ಳಷ್ಟೂ ಅಗಲವಾಗದು. ಹಲ್ಲಿನ ಹೊರಗವಚವಾದ ಎನಾಮಲ್ ಎಂಬುದು ನಮ್ಮ ಶರೀರದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ವಸ್ತು. ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಹೊರಗೆ ಬರುವ ವೇಳೆಗೆ ತಮ್ಮ ಕೆಲಸ ಮುಗಿಸಿ ನಾಶವಾಗಿಬಿಡುತ್ತವೆ. ಮನೆ ಕಟ್ಟಿದ ಗಾರೆಯವರು ಊರು ಬಿಟ್ಟುಹೋದ ಹಾಗೆ. ಆಮೇಲೆ ಗೋಡೆ ಬಿರಿದರೂ ಕಟ್ಟುವವರಿಲ್ಲ, ಕೋಣೆ ಸಾಲದಾದರೂ ವಿಸ್ತರಿಸುವವರಿಲ್ಲ. ಎರಡು ವರ್ಷದ ಮಗುವಿನ ದವಡೆಗೆ ಸರಿಹೋಗುವ ಪುಟ್ಟ ಹಲ್ಲುಗಳು ಇಪ್ಪತ್ತು ವರ್ಷದವನ ದವಡೆಗೆ ಸಾಲವು. ದೊಡ್ಡ ಹಲ್ಲುಗಳು ಮೊದಲೇ ಬಂದರೆ ಮಗುವಿನ ಬಾಯಿ ಹಿಡಿಸದು. ಆದುದರಿಂದ ಪ್ರಕೃತಿ ಎರಡು ಕಂತುಗಳಲ್ಲಿ ಹಲ್ಲು ಕೊಡುತ್ತದೆ. ಮೊದಲನೆಯದು 20, ಎರಡನೆಯದು 32. ದನಗಳಲ್ಲಿಯೂ ಲೆಕ್ಕ ಸರಿಯಾಗಿ ಇಷ್ಟೇ ಎಂಬುದನ್ನು ತಿಳಿದಾಗ ನನಗೆ ಅಚ್ಚರಿಯಾಯಿತು. ಜೋಡಣೆ ಬೇರೆ, ಮೊತ್ತ ಒಂದೇ.

ಎಲ್ಲ ಪ್ರಾಣಿಗಳಿಗೂ ಈ ನಿಯಮವಿಲ್ಲ. ರಂಗನತಿಟ್ಟಿನ ಬಂಡೆಗಳ ಮೇಲೆ ಬಿಸಿಲು ಕಾಯುತ್ತ ಬಾಯಿ ಬಿಟ್ಟು ಮಲಗುವ ಮೊಸಳೆಗೆ ಒಂದು ಹಲ್ಲು ಹೋದರೆ ಕೆಳಗೆ ಇನ್ನೊಂದು ಸಿದ್ಧವಾಗಿರುತ್ತದೆ, ಜೀವಮಾನದಲ್ಲಿ ಹತ್ತಾರು ಬಾರಿ. ನಾಗರಹೊಳೆಯ ಆನೆಯದು ಮತ್ತೂ ವಿಚಿತ್ರ. ಅದರ ದವಡೆಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಬಾರದೆ, ದವಡೆಯ ಹಿಂಬದಿಯಿಂದ ಮುಂದಕ್ಕೆ ಸರಿಯುತ್ತ, ಸವೆದದ್ದು ಮುಂದೆ ಉದುರುತ್ತ, ಆಯುಸ್ಸಿನಲ್ಲಿ ಒಟ್ಟು ಆರು ಸರದಿ ಬರುತ್ತವೆ. ಆರನೆಯದು ಸವೆದರೆ ಮುದಿ ಆನೆಗೆ ಮೇವು ಅಗಿಯಲಾಗದು. ಇಲಿಗಾದರೋ ಹಾಲುಹಲ್ಲು ಎಂಬುದೇ ಇಲ್ಲ. ಬಂದ ಬಾಚಿಹಲ್ಲೇ ಕೊನೆಯವರೆಗೆ ಬೆಳೆಯುತ್ತಿರುತ್ತದೆ. ಬಿದ್ದ ಹಲ್ಲನ್ನು ಇಲಿಗೆ ಒಪ್ಪಿಸಿ ಹೊಸದನ್ನು ಬೇಡುವ ಪದ್ಧತಿ ಸ್ಪೇನ್ ಮುಂತಾದ ದೇಶಗಳ ಮಕ್ಕಳಲ್ಲಿದೆ. ಹಲ್ಲು ಬೀಳುವ ಕಷ್ಟವನ್ನೇ ಅರಿಯದವನ ಹತ್ತಿರ ಹಲ್ಲು ಬೇಡುವುದು ತಮಾಷೆಯೇ ಸರಿ. ನಮ್ಮ ಮನೆಯಲ್ಲಿ ಅದನ್ನು ಸಗಣಿಯಲ್ಲಿ ಉಂಡೆ ಮಾಡಿ ಹೆಂಚಿನ ಮೇಲೆ ಎಸೆಯುತ್ತಿದ್ದೆವು. ನನ್ನದೊಂದು ಉಂಡೆ ಜಾರಿ ಅಂಗಳದಲ್ಲಿದ್ದ ಚಿಕ್ಕಮ್ಮನ ಸಂಡಿಗೆಯ ಮೇಲೆ ಬಿದ್ದ ಕಥೆ ಇಲ್ಲಿ ಅಪ್ರಸ್ತುತ.

ಸೃಷ್ಟಿ ಸ್ತನಿಗಳಿಗೆ ಏಕೆ ಈ ಜಿಪುಣತನ ತೋರಿಸಿತು? ಮೊಸಳೆ ಕಚ್ಚಿ ನುಂಗುವ ಪ್ರಾಣಿ. ಅದಕ್ಕೆ ಮೇಲಿನ ಹಲ್ಲು ಕೆಳಗಿನ ಹಲ್ಲಿನೊಡನೆ ಬೀಸುವ ಕಲ್ಲಿನಂತೆ ಕೂಡಬೇಕಾದ ಅಗತ್ಯವಿಲ್ಲ. ನಾವು ಅಗಿಯುವವರು. ಅಗಿಯಬೇಕಾದರೆ ಮೇಲು ಕೆಳಗಿನ ಏರುತಗ್ಗುಗಳು ಒಂದಕ್ಕೊಂದು ಹೊಂದಬೇಕು. ಮೇಲಿಂದ ಮೇಲೆ ಹಲ್ಲು ಬದಲಾಗುತ್ತಿದ್ದರೆ ಆ ಹೊಂದಿಕೆ ನಿಲ್ಲದು. ಹುಟ್ಟಿದ ಮೊದಲ ತಿಂಗಳುಗಳನ್ನು ತಾಯಿಯ ಹಾಲು ನೋಡಿಕೊಳ್ಳುವುದರಿಂದ ಆ ಕಾಲಕ್ಕೆ ಹಲ್ಲೇ ಬೇಡ. ಹೀಗೆ ಎರಡು ಸರದಿಯಲ್ಲಿ ಸಂಸಾರ ಸಾಗಿಸುವ ಏರ್ಪಾಡು ನೆಲೆಯಾಯಿತೆಂದು ಪ್ರಾಣಿಶಾಸ್ತ್ರಜ್ಞರು ಹೇಳುತ್ತಾರೆ.

ಇನ್ನು ಹಾಲುಹಲ್ಲು ಬೀಳುವ ಬಗೆ. ಬಿದ್ದ ಹಲ್ಲನ್ನು ಅಂಗೈಯಲ್ಲಿಟ್ಟು ನೋಡಿದವರಿಗೆ ಅದಕ್ಕೆ ಬೇರೇ ಇಲ್ಲದಂತೆ ಕಾಣುವುದು. ಇದರಿಂದಲೇ ಹಾಲುಹಲ್ಲಿಗೆ ಬೇರಿಲ್ಲ, ಅದು ವಸಡಿನ ಮೇಲೆ ಅಂಟಿಸಿಟ್ಟ ಆಟದ ಹಲ್ಲು ಎಂಬ ಭಾವನೆ ಬೆಳೆದಿದೆ. ಇದು ಶುದ್ಧ ತಪ್ಪು. ಅದಕ್ಕೂ ಉದ್ದವಾದ ಬೇರುಗಳುಂಟು. ಅಡಿಯಲ್ಲಿ ಕಾಯಂ ಹಲ್ಲು ಬೆಳೆದು ಮೇಲೇರತೊಡಗಿದಾಗ, ಅದಕ್ಕೆಂದೇ ನೇಮಕವಾದ ಜೀವಕೋಶಗಳು ಹಾಲುಹಲ್ಲಿನ ಬೇರನ್ನು ತುದಿಯಿಂದ ಸ್ವಲ್ಪ ಸ್ವಲ್ಪವೇ ಕರಗಿಸುತ್ತ ಬರುತ್ತವೆ. ಬೇರೆಲ್ಲ ಕರಗಿದ ಮೇಲೆ ತಲೆಯೊಂದೇ ವಸಡಿಗೆ ತಗುಲಿಕೊಂಡು ಅಲ್ಲಾಡುತ್ತದೆ. ಅಡಿಯಲ್ಲಿ ಉತ್ತರಾಧಿಕಾರಿಯೇ ಇಲ್ಲದ ಕೆಲವರಲ್ಲಿ ಹಾಲುಹಲ್ಲು ನಡುವಯಸ್ಸಿನವರೆಗೂ ಕದಲದೆ ನಿಂತಿರುವುದುಂಟು. ಎಂದ ಮೇಲೆ ಅದು ಬೀಳುವುದು ದುರ್ಬಲವಾದುದರಿಂದ ಅಲ್ಲ. ಬರುವವನಿಗೆ ದಾರಿ ಬಿಡುವುದಕ್ಕಾಗಿ.

ದಾರಿ ಬಿಡುವುದು ಮಾತ್ರವಲ್ಲ, ಅಲ್ಲಿಯವರೆಗೆ ದಾರಿಯನ್ನು ಕಾಯುವುದೂ ಅದರ ಕೆಲಸ. ರೈಲಿನಲ್ಲಿ ಕರವಸ್ತ್ರ ಹಾಸಿ ಸ್ಥಳ ಹಿಡಿಯುವವರನ್ನು ನಾವು ಬಲ್ಲೆವು. ಹಾಲುಹಲ್ಲು ಅಂತಹ ಕರವಸ್ತ್ರ. ಹುಳುಕು ಹಿಡಿದು ಅದು ಕಾಲಕ್ಕೆ ಮುಂಚೆಯೇ ಹೋದರೆ ಹಿಂದಿನ ಹಲ್ಲು ಮುಂದಕ್ಕೆ ಸರಿದು ಆ ಸ್ಥಳದಲ್ಲಿ ಕುಳಿತುಬಿಡುತ್ತದೆ. ಹತ್ತು ಹನ್ನೊಂದನೆಯ ವಯಸ್ಸಿನಲ್ಲಿ ನಿಜವಾದ ಹಕ್ಕುದಾರ ಬಂದು ನೋಡಿದರೆ ಜಾಗವೆಲ್ಲಿ? ಅವನು ಸೊಟ್ಟಗೆ ಬರಬೇಕು, ಇಲ್ಲವೇ ಮೂಳೆಯೊಳಗೇ ಉಳಿಯಬೇಕು. ಮಕ್ಕಳ ಹಲ್ಲು ವಕ್ರವಾಗುವುದಕ್ಕೆ ಅನುವಂಶವೂ ಕಾರಣವೇ. ಆದರೆ ಹಾಲುಹಲ್ಲು ಬೇಗ ಹೋದುದರಿಂದ ವಕ್ರವಾದ ಸಾಲುಗಳೂ ಉಂಟು. ಇದಲ್ಲದೆ ಹಾಲುಹಲ್ಲಿನ ಬುಡದಲ್ಲಿ ಕೀವಾದರೆ ಅದರಡಿಯಲ್ಲಿ ಇನ್ನೂ ರೂಪುಗೊಳ್ಳುತ್ತಿರುವ ಕಾಯಂ ಹಲ್ಲಿನ ಎನಾಮಲಿಗೆ ಕುಂದು ತಗುಲಬಹುದು. ಅಂಥ ಹಲ್ಲು ಹುಟ್ಟುವಾಗಲೇ ಕಲೆ, ಕುಳಿಗಳನ್ನು ಹೊತ್ತು ಬರುತ್ತದೆ.

ಹಲ್ಲು ನಮ್ಮ ಕಣ್ಣಿಗೆ ಬೀಳುವುದಕ್ಕೆ ಎಷ್ಟೋ ಮೊದಲೇ ಅದರ ಭಾಗ್ಯ ನಿರ್ಧಾರವಾಗುವುದಕ್ಕೆ ನಮ್ಮ ಬಯಲುಸೀಮೆಯಲ್ಲಿಯೇ ದೊಡ್ಡ ಸಾಕ್ಷ್ಯವಿದೆ. ಪಾವಗಡ, ಬಾಗೇಪಲ್ಲಿಗಳ ಕಡೆಯ ಆಳವಾದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಕುಡಿಯುವ ನೀರಿನ ಒಂದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಗತಿಯಿಲ್ಲದಿದ್ದರೆ 1.5ರವರೆಗೆ ಇರಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ಅದಕ್ಕಿಂತ ಹೆಚ್ಚಿದ್ದ ನೀರನ್ನು ಹುಟ್ಟಿನಿಂದ ಎಂಟು ವರ್ಷದೊಳಗೆ ಕುಡಿದ ಮಗುವಿನ ಕಾಯಂ ಹಲ್ಲುಗಳ ಮೇಲೆ ಸುಣ್ಣದ ಬಿಳುಪಿನ ಮಚ್ಚೆಗಳೂ ಕಂದು ಪಟ್ಟೆಗಳೂ ಮೂಡುತ್ತವೆ. ಅದೇ ನೀರನ್ನು ಮೂವತ್ತನೆಯ ವಯಸ್ಸಿನಲ್ಲಿ ಬಂದು ಕುಡಿದವನ ಹಲ್ಲಿಗೆ ಈ ಕಲೆ ಹತ್ತದು. ಅವನ ಎನಾಮಲ್ ಕಟ್ಟಿ ಮುಗಿದಿದೆ. ಹಾಲುಹಲ್ಲುಗಳು ಬಹುಪಾಲು ತಾಯಿಯ ಗರ್ಭದಲ್ಲಿ ಮತ್ತು ಮೊದಲ ವರ್ಷದಲ್ಲಿ ರೂಪುಗೊಳ್ಳುವುದರಿಂದ ಅವುಗಳಲ್ಲಿ ಕಲೆ ಕಡಿಮೆ. ಮಗು ಮುತ್ತಿನಂಥ ಹಲ್ಲು ತೋರಿಸಿ ನಗುತ್ತಿರುವಾಗಲೇ ಅಡಿಯಲ್ಲಿ ಕಂದು ಹಲ್ಲು ಸಿದ್ಧವಾಗುತ್ತಿರುತ್ತದೆ. ಆ ಊರುಗಳಿಂದ ಬಂದ ನಮ್ಮ ಸಹಪಾಠಿಗಳು ಫೋಟೋ ತೆಗೆಸುವಾಗ ತುಟಿ ಬಿಗಿಹಿಡಿಯುವುದನ್ನು ನೋಡಿ ಗರ್ವವೆಂದುಕೊಂಡಿದ್ದೆ. ಕಾರಣ ತಿಳಿದ ಮೇಲೆ ನಾಚಿಕೆಯಾಯಿತು.

ಈಗ ನನ್ನ ತಂಗಿಯ ಹಲ್ಲಿನ ವಿಷಯಕ್ಕೆ ಬರುತ್ತೇನೆ. 20 ಹೋಗಿ 20 ಬಂದರೆ 32 ಹೇಗಾಯಿತು? ಮಿಕ್ಕ 12 ಹಲ್ಲುಗಳು ಯಾವ ಹಾಲುಹಲ್ಲನ್ನೂ ಕೆಡವದೆ, ದವಡೆ ಬೆಳೆದಂತೆ ಹಿಂಭಾಗದ ಖಾಲಿ ಜಾಗದಲ್ಲಿ ಹುಟ್ಟತಕ್ಕವು. ಇವುಗಳಲ್ಲಿ ಕೊನೆಯ ನಾಲ್ಕು ಬುದ್ಧಿಹಲ್ಲುಗಳು; ನಮ್ಮ ಅಂತಿಮ ವರ್ಷದ ತರಗತಿಯಲ್ಲಿ ಕೆಲವರು ಕೆನ್ನೆ ಹಿಡಿದುಕೊಂಡು ಬರುವುದನ್ನು ನೋಡಿದರೆ ಅವು ಬರುತ್ತಿವೆಯೆಂದು ಊಹಿಸಬಹುದು, ಬುದ್ಧಿಯ ವಿಚಾರ ಪರೀಕ್ಷಕರಿಗೆ ಬಿಟ್ಟದ್ದು. ನಡುವಿನ ನಾಲ್ಕು ಹನ್ನೆರಡನೆಯ ವಯಸ್ಸಿನ ಸುಮಾರಿಗೆ ಬರುತ್ತವೆ. ಮೊದಲ ನಾಲ್ಕು ಮಾತ್ರ ಆರನೆಯ ವಯಸ್ಸಿನಲ್ಲಿ, ಮೇಲೆ ಎರಡು ಕೆಳಗೆ ಎರಡು, ಹಾಲುಹಲ್ಲುಗಳ ಸಾಲಿನ ಹಿಂದೆ, ಸದ್ದಿಲ್ಲದೆ ಬಂದು ನಿಲ್ಲುತ್ತವೆ. ಒಂದು ಹಲ್ಲೂ ಬೀಳಲಿಲ್ಲ, ರಕ್ತ ಬರಲಿಲ್ಲ, ಹೆಂಚಿನ ಮೇಲೆ ಎಸೆಯುವುದೇನೂ ಇಲ್ಲ. ಮನೆಯವರಿಗೆ ಹೇಗೆ ತಿಳಿಯಬೇಕು? ಮಗುವಿನ ಮುಂದಿನ ಹಲ್ಲುಗಳು ಆಗತಾನೇ ಅಲ್ಲಾಡುತ್ತಿರುವುದರಿಂದ ಹಿಂದಿರುವುದೆಲ್ಲ ಹಾಲುಹಲ್ಲೇ ಎಂದು ಭಾವಿಸುತ್ತಾರೆ. ಈ ಹಲ್ಲಿನ ತಲೆಯ ಮೇಲೆ ಆಳವಾದ ಗೆರೆಗಳಿರುತ್ತವೆ. ಪೂರ್ತಿ ಮೇಲೇಳಲು ಅದು ತಿಂಗಳುಗಟ್ಟಲೆ ಹಿಡಿಯುತ್ತದೆ. ಅಲ್ಲಿಯವರೆಗೆ ಬ್ರಷ್ಷು ಅದನ್ನು ಮುಟ್ಟುವುದೇ ಇಲ್ಲ. ಹೊಸದಾಗಿ ಬಂದ ಎನಾಮಲ್ ಇನ್ನೂ ಪಕ್ವವಾಗಿರುವುದಿಲ್ಲ. ಚಹದಲ್ಲಿ ಅದ್ದಿದ ಬಿಸ್ಕತ್ತು, ಕಂಬರಕಟ್ಟು, ಪೆಪ್ಪರಮೆಂಟು ಎಲ್ಲವೂ ಆ ಗೆರೆಗಳಲ್ಲಿ ಮನೆ ಮಾಡುತ್ತವೆ. ಕಾಯಂ ಹಲ್ಲುಗಳಲ್ಲಿ ಮೊದಲು ಹುಳುಕಾಗುವುದೂ ಹೆಚ್ಚಾಗಿ ಹುಳುಕಾಗುವುದೂ ಇದೇ. ಮುಂದೆ ಎಪ್ಪತ್ತು ವರ್ಷ ರಾಗಿಮುದ್ದೆಯ ಸಾರಿನ ಅವರೆಕಾಳನ್ನೂ ಜೋಳದ ರೊಟ್ಟಿಯನ್ನೂ ಅಗಿಯಬೇಕಾದ ಹಲ್ಲಿಗೆ ನಾವು ಆರಂಭದಲ್ಲಿಯೇ ಬಿದ್ದುಹೋಗುವ ಹಲ್ಲೆಂದು ಶ್ರಾದ್ಧ ಮಾಡಿಬಿಡುತ್ತೇವೆ.

ಈ ಆರನೆಯ ವರ್ಷದ ಹಲ್ಲಿಗೆ ಒಂದು ಇತಿಹಾಸವೂ ಉಂಟು. ನಮ್ಮ ಹಿರಿಯರು ಶಾಲೆಗೆ ಸೇರುವಾಗ ಜನನಪತ್ರವಿಲ್ಲದ ಮಕ್ಕಳಿಗೆ ಮೇಷ್ಟರು ತಲೆಯ ಮೇಲಿಂದ ಕೈ ಹಾಯಿಸಿ ಎದುರು ಕಿವಿ ಮುಟ್ಟಿಸುತ್ತಿದ್ದರಷ್ಟೆ. ಮುಟ್ಟಿದರೆ ವಯಸ್ಸಾಗಿದೆಯೆಂದು ಲೆಕ್ಕ. ಇಂಗ್ಲೆಂಡಿನಲ್ಲಿಯೂ ಇಂಥದೇ ಸಮಸ್ಯೆ ಬಂದಿತ್ತು, ಆದರೆ ಶಾಲೆಗಲ್ಲ, ಕಾರ್ಖಾನೆಗೆ. 1833ರ ಕಾನೂನಿನಂತೆ ಬಟ್ಟೆಯ ಗಿರಣಿಗಳಲ್ಲಿ 9 ವರ್ಷದೊಳಗಿನ ಮಕ್ಕಳನ್ನು ದುಡಿಸಕೂಡದು, 13ರೊಳಗಿನವರನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಕೂಡದು. ಆದರೆ ವಯಸ್ಸನ್ನು ಗೊತ್ತುಮಾಡುವುದು ಹೇಗೆ? ಬಡ ತಾಯಿತಂದೆಗಳೂ ಮಾಲೀಕರೂ ಸೇರಿ ಸುಳ್ಳು ಹೇಳುವರು. ಎತ್ತರ ನೋಡಿದರೆ ಮೋಸಹೋಗುವ ಸಂಭವ. ಆಗ ಎಡ್ವಿನ್ ಸಾಂಡರ್ಸ್ ಎಂಬ ದಂತವೈದ್ಯನು ಮಕ್ಕಳ ಬಾಯಿಗಳನ್ನು ಪರೀಕ್ಷಿಸಿ, ಎತ್ತರಕ್ಕಿಂತ ಹಲ್ಲೇ ವಯಸ್ಸಿಗೆ ಉತ್ತಮ ಸಾಕ್ಷಿಯೆಂದು 1837ರಲ್ಲಿ ಒಂದು ಪುಸ್ತಿಕೆ ಬರೆದು ಪಾರ್ಲಿಮೆಂಟಿನ ಮುಂದಿಟ್ಟನು. ಅದಕ್ಕೂ ಒಂದು ವರ್ಷ ಮೊದಲು ಥಾಮ್ಸನ್ ಎಂಬ ಮತ್ತೊಬ್ಬ ವೈದ್ಯನು, ಮೊದಲ ಕಾಯಂ ದವಡೆಹಲ್ಲು ಬಾರದ ಮಗು ಏಳು ವರ್ಷ ದಾಟಿಲ್ಲವೆಂದು ತಿಳಿಯಬಹುದೆಂದು ಬರೆದಿದ್ದನು. ಏಳು ವರ್ಷದೊಳಗಿನ ಮಗುವನ್ನು ಅಪರಾಧಿಯೆಂದು ಶಿಕ್ಷಿಸುವಂತಿರಲಿಲ್ಲ. ಆದುದರಿಂದ ಒಂದು ಹಲ್ಲಿನ ಇರವು ಇಲ್ಲದಿರವುಗಳ ಮೇಲೆ ಮಗುವಿನ ಬಿಡುಗಡೆ ನಿಂತಿರುತ್ತಿತ್ತು. ಗಿರಣಿಯ ಮಗುವನ್ನು ಕಾಯಲು ಸಾಕ್ಷಿ ಹೇಳಿದ ಹಲ್ಲು ನಮ್ಮ ಮನೆಗಳಲ್ಲಿ ಅನಾಮಧೇಯವಾಗಿದೆ. ಕನ್ನಡದಲ್ಲಿ ಬುದ್ಧಿಹಲ್ಲಿಗೆ, ಕೋರೆಹಲ್ಲಿಗೆ ಹೆಸರುಂಟು. ಇದಕ್ಕೊಂದು ಮನೆಮಾತಿನ ಹೆಸರನ್ನು ನಾನು ಕೇಳಿಲ್ಲ. ಶಾಲೆಗೆ ಸೇರುವ ವಯಸ್ಸಿನಲ್ಲಿಯೇ ಬರುವುದರಿಂದ ಇದನ್ನು ಶಾಲೆಹಲ್ಲು ಎಂದೇಕೆ ಕರೆಯಬಾರದು? ಹೆಸರಿಲ್ಲದ್ದನ್ನು ಯಾರೂ ಕಾಯುವುದಿಲ್ಲ. ಕನ್ನಡ ವಿಭಾಗದ ಗುರುಗಳು ಇದಕ್ಕಿಂತ ಒಳ್ಳೆಯ ಪದವನ್ನು ಕೊಟ್ಟರೆ ಸಂತೋಷ.

ನನ್ನ ವಾದಕ್ಕೆ ಎದುರು ಮಾತಿಲ್ಲದಿಲ್ಲ. ನಮ್ಮ ಚಿಕ್ಕಪ್ಪನವರು ಹೇಳಿದರು: "ಹಲ್ಲಿನ ಡಾಕ್ಟರ ಹತ್ತಿರ ಹೋದರೆ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಚಾರ್ಜು ಹೋಯಿತು, ಅವರ ಫೀಸು ಬೇರೆ. ನಾಳೆ ಬೀಳೋ ಹಲ್ಲಿಗೆ ಇವತ್ತು ಸಿಮೆಂಟ್ ಹಾಕಿಸಬೇಕಾ?" ಇದು ಕೇವಲ ಕುಚೋದ್ಯವಲ್ಲ. ಅಲ್ಲಾಡುತ್ತಿರುವ ಹಲ್ಲಿಗೆ ವೈದ್ಯರೂ ಏನೂ ಮಾಡುವುದಿಲ್ಲ. ಎಲ್ಲ ಹಾಲುಹಲ್ಲಿಗೂ ಹಣ ಸುರಿಯಿರೆಂದು ನಾನೂ ಹೇಳುತ್ತಿಲ್ಲ. ಆದರೆ ನಾಲ್ಕು ವರ್ಷದ ಮಗುವಿನ ಹಿಂದಿನ ಹಾಲುಹಲ್ಲು ಬೀಳಲು ಇನ್ನೂ ಆರೇಳು ವರ್ಷವಿದೆ. ಅದು ನಾಳೆ ಬೀಳುವ ಹಲ್ಲಲ್ಲ. ರಾತ್ರಿ ಮಲಗುವ ಮುನ್ನ ತಾಯಿಯೋ ಅಕ್ಕನೋ ಮಗುವಿನ ಹಿಂದಿನ ಹಲ್ಲುಗಳನ್ನು ತಾವೇ ಉಜ್ಜುವುದಕ್ಕೆ, ಸೀಸೆಯ ಸಿಹಿಹಾಲನ್ನು ಬಾಯಲ್ಲಿಟ್ಟು ಮಲಗಿಸದಿರುವುದಕ್ಕೆ ಕೂಲಿ ಕಳೆಯಬೇಕಾಗಿಲ್ಲ. ಮತ್ತು ಆರನೆಯ ವರ್ಷದಲ್ಲಿ ದೀಪದ ಬೆಳಕಿಗೆ ಮಗುವಿನ ಬಾಯಿ ಬಿಡಿಸಿ, ಹಿಂದೆ ಹೊಸ ಹಲ್ಲು ಬಂದಿದೆಯೆ ಎಂದು ನೋಡುವುದಕ್ಕೆ ಒಂದು ಕಾಸೂ ಬೇಡ. ಆ ಗೆರೆಗಳಿಗೆ ವೈದ್ಯರು ಬಳಿಯುವ ಒಂದು ರಕ್ಷಾಲೇಪವುಂಟು. ಹುಳುಕಾದ ಮೇಲೆ ಮಾಡುವ ಖರ್ಚಿನ ಮುಂದೆ ಅದು ಅಲ್ಪ.

ಶಾಲೆಗಳಿಗೆ ವೈದ್ಯರ ತಂಡ ಬರುತ್ತದೆ, ಅದು ಸರ್ಕಾರದ ಕೆಲಸ ಎನ್ನುವವರಿದ್ದಾರೆ. ಬರುತ್ತದೆ, ನಿಜ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ರೋಗಪಟ್ಟಿಯಲ್ಲಿ ಹಲ್ಲಿನ ಹುಳುಕೂ ಸೇರಿದೆ. ಆದರೆ ತಂಡದವರು ಚೀಟಿ ಬರೆದುಕೊಟ್ಟು ಹೋದ ಸಂಜೆ, ಮನೆಯಲ್ಲಿ ನನ್ನಂಥವನೊಬ್ಬ ಅದನ್ನು ಓದಿ "ಬಿದ್ದುಹೋಗುವ ಹಲ್ಲು ತಾನೆ" ಎಂದರೆ ಆ ಚೀಟಿ ಸೂರಿನ ಸಂದಿ ಸೇರುತ್ತದೆ. ನಮ್ಮ ಕಾಲೇಜಿನಿಂದ ಹೊರಬೀಳುವವರಲ್ಲಿ ಬಹುಮಂದಿ ಮೇಷ್ಟರಾಗುತ್ತೇವೆ, ಇನ್ನುಳಿದವರು ಬಹುಪಾಲು ತಾಯಿತಂದೆಗಳಾಗುತ್ತೇವೆ. ಒಂದನೆಯ ತರಗತಿಯ ಮಕ್ಕಳನ್ನು ದಿನವೂ ಎದುರಿಗೆ ಕೂರಿಸಿಕೊಳ್ಳುವ ಉಪಾಧ್ಯಾಯರಿಗೆ ಈ ನಾಲ್ಕು ಹಲ್ಲುಗಳ ಗುರುತು ತಿಳಿದಿದ್ದರೆ, ವರ್ಷಕ್ಕೊಮ್ಮೆ ಬರುವ ತಂಡಕ್ಕಿಂತ ಹೆಚ್ಚು ಕೆಲಸವಾದೀತು. ಚಂದ್ರಗುಪ್ತ ಮೌರ್ಯನ ಆಡಳಿತ ವಿಭಾಗಗಳನ್ನು ನಾನು ಮೂರು ಸಲ ಓದಿ ಮೂರು ಸಲ ಪರೀಕ್ಷೆಯಲ್ಲಿ ಬರೆದಿದ್ದೇನೆ. ಸ್ವಂತ ಬಾಯೊಳಗಿನ ಲೆಕ್ಕವನ್ನು ಅಷ್ಟು ಚೆನ್ನಾಗಿ ಕಲಿತ ನೆನಪಿಲ್ಲ.

ತಂಗಿಯು ಈಗ ಪ್ರೌಢಶಾಲೆಯಲ್ಲಿದ್ದಾಳೆ. ಎಡಗಡೆಯಲ್ಲೇ ಅಗಿಯುವುದು ಅವಳಿಗೆ ಅಭ್ಯಾಸವಾಗಿಹೋಗಿದೆ. ಕೊಬ್ಬರಿ ಮಿಠಾಯಿ ಕೊಟ್ಟರೆ ಎಡಕ್ಕೆ ನೂಕಿಕೊಂಡು, ನನ್ನ ಕಡೆ ನೋಡಿ, "ಬೇರೆ ಬರುತ್ತೆ ಅಂದಿದ್ದೆಯಲ್ಲಣ್ಣ, ಎಲ್ಲಿ?" ಎಂದು ಕೇಳುತ್ತಾಳೆ. ನಗುತ್ತಲೇ ಕೇಳುತ್ತಾಳೆ.

ಕಳೆದ ಜಾತ್ರೆಯಿಂದ ಬಂದ ರಾತ್ರಿ ನಾನು ಈ ಪುರಾಣವನ್ನೆಲ್ಲ ಅಜ್ಜನವರಿಗೆ ಬಿಡಿಸಿ ಹೇಳಿದೆ. 20, 32, ಹಿಂದಿನ 12 ಎಲ್ಲವನ್ನೂ ಅವರು ಒಂದೇ ಸಲಕ್ಕೆ ಹಿಡಿದುಕೊಂಡರು. ದನದ ಲೆಕ್ಕದಲ್ಲಿ ಪಳಗಿದ ತಲೆಯಲ್ಲವೆ? ಸ್ವಲ್ಪ ಹೊತ್ತು ಸುಮ್ಮನಿದ್ದು, ಚಿಕ್ಕಪ್ಪನ ಮಗನನ್ನು ಕೂಗಿದರು. ಅವನಿಗೆ ಆರು ತುಂಬಿ ಮೂರು ತಿಂಗಳು. "ಬಾರ್ಲಾ ಇಲ್ಲಿ, ಬಾಯಿ ತೆಗಿ" ಎಂದು ಟಾರ್ಚನ್ನು ನನ್ನ ಕೈಗೆ ಕೊಟ್ಟು, ಹೆಬ್ಬೆರಳಿನಿಂದ ಅವನ ಕೆಳದುಟಿಯನ್ನು ಜಗ್ಗಿದರು. ಹುಡುಗ ಕಿಸಕ್ಕನೆ ನಕ್ಕು ಬೆರಳು ಕಚ್ಚಿದ. ಅಜ್ಜನವರು ಬೈಯ್ಯಲಿಲ್ಲ. ಮೇಲೆ ಎಡಕ್ಕೆ, ಬಲಕ್ಕೆ, ಕೆಳಗೆ ಎಡಕ್ಕೆ ನೋಡಿ, ಕೊನೆಯ ಮೂಲೆಯಲ್ಲಿ ವಸಡನ್ನು ಸೀಳಿಕೊಂಡು ಇಣುಕುತ್ತಿದ್ದ ಬಿಳಿಯ ತುದಿಯ ಮೇಲೆ ಬೆರಳಿಟ್ಟು, "ಮೂರಾಗಿವೆ. ನಾಲ್ಕನೇದು ಹಾಕ್ತಾ ಅದೆ" ಎಂದರು.